ಮಕ್ಕಳಿಗೆ ಪೆಟ್ಟಾದಾಗ: ಆಂಬುಲೆನ್ಸ್ ಕರೆಯುವ ಬಗ್ಗೆ ಹೊಸ ಕುಟುಂಬಗಳಿಗೆ

ಶಾಲೆಗೆ ಹೋಗುವ ಮಕ್ಕಳು ಬೀಳುತ್ತಾರೆ, ತರಚಿಕೊಳ್ಳುತ್ತಾರೆ, ಅತ್ತು ಸುಮ್ಮನಾಗುತ್ತಾರೆ. ಅದಕ್ಕೆಲ್ಲ ಆಂಬುಲೆನ್ಸ್ ಬೇಕಿಲ್ಲ. ಆದರೆ ಬೇಕಾದ ಹೊತ್ತಿನಲ್ಲೂ ಹೊರದೇಶಕ್ಕೆ ಹೊಸದಾಗಿ ಬಂದ ತಂದೆತಾಯಿ ತಡಮಾಡುತ್ತಾರೆ ಎಂಬುದೇ ನಮ್ಮ ಕನ್ನಡ ಸಂಘದ ಚಿಂತೆ. ಭಾಷೆ ಪೂರ್ತಿ ಬರುವುದಿಲ್ಲ, ಖರ್ಚು ಎಷ್ಟಾಗುತ್ತದೋ ತಿಳಿಯದು, ಸಣ್ಣ ವಿಷಯಕ್ಕೆ ಕರೆದೆವೆಂದು ಗದರಿಸಿಯಾರು, ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದಾರು. ಈ ಅಳುಕು ನಮಗೆ ಅರ್ಥವಾಗುತ್ತದೆ. ಆದರೂ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಗಾಯ ಎಷ್ಟು ಗಂಭೀರ ಎಂದು ತೀರ್ಮಾನಿಸುವುದು ನಿಮ್ಮ ಹೊಣೆಯಲ್ಲ. ಅದಕ್ಕೆಂದೇ ತರಬೇತಿ ಪಡೆದವರು ಕರೆ ಸ್ವೀಕರಿಸುತ್ತಾರೆ. ನೀವು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕು.

ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ "ಏನು ಮಾಡಲಿ?" ಎಂದು ಮೊದಲು ಕೇಳಬೇಡಿ. ಉತ್ತರ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ, ಬಂದ ಉತ್ತರ ಸರಿಯೆಂದೂ ಹೇಳಲಾಗದು. ಮೊದಲ ಕರೆ ತುರ್ತು ಸೇವೆಗೆ ಹೋಗಲಿ, ನಮಗೆ ಆಮೇಲೆ ತಿಳಿಸಿ. ಜೊತೆಗೆ ಆಸ್ಪತ್ರೆಗೆ ಬರಲು, ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡಿಕೊಳ್ಳಲು ನಾವಿದ್ದೇವೆ.

ಕರೆ ಮಾಡುವುದು ಹೇಗೆ

ತುರ್ತು ಸಂಖ್ಯೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ಒಕ್ಕೂಟದ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಸಿಂಗಪುರದಲ್ಲಿ ಆಂಬುಲೆನ್ಸಿಗೆ 995, ಸಂಯುಕ್ತ ಅರಬ್ ಸಂಸ್ಥಾನದಲ್ಲಿ 998. ಒಂದು ದೇಶದಿಂದ ಇನ್ನೊಂದಕ್ಕೆ ವರ್ಗವಾಗಿ ಬಂದವರ ಬೆರಳು ಗಾಬರಿಯಲ್ಲಿ ಹಳೆಯ ಸಂಖ್ಯೆಯನ್ನೇ ಒತ್ತುತ್ತದೆ. ಆದ್ದರಿಂದ ಈಗ ಇರುವ ದೇಶದ ಸಂಖ್ಯೆಯನ್ನು, ಅದರ ಕೆಳಗೆ ಮನೆಯ ಪೂರ್ಣ ವಿಳಾಸವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಮಕ್ಕಳಿಗೂ ಕಾಣುವಲ್ಲಿ ಅಂಟಿಸಿ.

ಮೊದಲು ಸ್ಥಳ ಹೇಳಿ. ಮಧ್ಯದಲ್ಲಿ ಕರೆ ಕಡಿದುಹೋದರೂ ಎಲ್ಲಿಗೆ ಬರಬೇಕೆಂಬುದಾದರೂ ಅವರಿಗೆ ತಿಳಿದಿರುತ್ತದೆ. ಉದ್ಯಾನದಲ್ಲಿದ್ದರೆ ಯಾವ ಗೇಟಿನ ಹತ್ತಿರ, ಬಹುಮಹಡಿ ಕಟ್ಟಡವಾದರೆ ಎಷ್ಟನೆಯ ಮಹಡಿ ಎಂಬುದೂ ಬೇಕು. ಬಳಿಕ ಮಗುವಿನ ವಯಸ್ಸು, ಏನಾಯಿತು, ಪ್ರಜ್ಞೆ ಇದೆಯೇ, ಉಸಿರಾಡುತ್ತಿದೆಯೇ ಎಂದು ತಿಳಿಸಿ. ಅವರು ಒಂದರ ಹಿಂದೊಂದು ಪ್ರಶ್ನೆ ಕೇಳುವಾಗ "ಇಷ್ಟೆಲ್ಲ ಕೇಳುತ್ತ ಕಾಲ ಕಳೆಯುತ್ತಿದ್ದಾರಲ್ಲ" ಎಂದು ಸಿಟ್ಟು ಬರುವುದು ಸಹಜ. ಸಾಮಾನ್ಯವಾಗಿ ನೀವು ಮಾತನಾಡುತ್ತಿರುವಾಗಲೇ ವಾಹನ ಹೊರಟಿರುತ್ತದೆ. ಸ್ಪೀಕರ್ ಹಾಕಿ ಫೋನನ್ನು ಪಕ್ಕದಲ್ಲಿಡಿ, ಅವರು ಹೇಳುವವರೆಗೆ ಕರೆಯನ್ನು ಕತ್ತರಿಸಬೇಡಿ. ಉಸಿರಾಟ ನಿಂತಿದ್ದರೆ ಎದೆ ಒತ್ತುವ ಕ್ರಮವನ್ನು ಅವರೇ ಹೇಳಿಕೊಡುತ್ತಾರೆ. ಮಾತು ತೊಡಕಾದರೆ ಕನ್ನಡದ ದುಭಾಷಿ ಬೇಕೆಂದು ಹೇಳಿ ಕಾಯಿರಿ. ಅನೇಕ ದೇಶಗಳಲ್ಲಿ ದುಭಾಷಿಯನ್ನು ಅದೇ ಕರೆಗೆ ಸೇರಿಸುವ ವ್ಯವಸ್ಥೆ ಇದೆ.

ಸ್ವಂತ ಕಾರಿನಲ್ಲಿ ಬೇಗ ತಲುಪಬಹುದಲ್ಲ ಎಂದು ಹಲವರು ಕೇಳುತ್ತಾರೆ. ಮಣಿಕಟ್ಟು ಊದಿದೆ, ಮಗು ಮಾತನಾಡುತ್ತಿದೆ, ನೋವು ತಡೆದುಕೊಳ್ಳುವಂತಿದೆ ಎಂದರೆ ಕಾರಿನಲ್ಲಿ ಕರೆದೊಯ್ಯಬಹುದು. ಪ್ರಜ್ಞೆ ತಪ್ಪಿದ್ದರೆ, ಸೆಳವು ಬಂದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ವಾಹನ ಡಿಕ್ಕಿ ಹೊಡೆದಿದ್ದರೆ, ಎತ್ತರದಿಂದ ಬಿದ್ದು ಕುತ್ತಿಗೆ ನೋವು ಅಥವಾ ಕೈಕಾಲು ಜೋಮು ಎನ್ನುತ್ತಿದ್ದರೆ ಕಾರಿನ ಯೋಚನೆ ಬಿಡಿ. ಆಂಬುಲೆನ್ಸಿನವರು ಚಿಕಿತ್ಸೆಯನ್ನು ಬಂದ ಜಾಗದಲ್ಲಿಯೇ ಆರಂಭಿಸುತ್ತಾರೆ. ಮಕ್ಕಳ ಗಂಭೀರ ಗಾಯಗಳನ್ನು ನೋಡುವ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಎಲ್ಲಿಗೆ ಒಯ್ಯಬೇಕೆಂಬುದು ಅವರಿಗೆ ಗೊತ್ತಿರುತ್ತದೆ.

ಹೊರಗೆ ಕಾಣದ ಪೆಟ್ಟುಗಳು

ರಕ್ತ ಕಂಡರೆ ಎಲ್ಲರೂ ಓಡಿಬರುತ್ತಾರೆ. ನಾವು ಹೆಚ್ಚು ಹೆದರಬೇಕಾದದ್ದು ರಕ್ತ ಕಾಣದ ಪೆಟ್ಟುಗಳಿಗೆ.

ತಲೆಗೆ ಪೆಟ್ಟು ಬಿದ್ದ ಮಗು ತಕ್ಷಣ ಎದ್ದು ಆಡತೊಡಗಿದರೂ ಮುಂದಿನ ಒಂದೆರಡು ದಿನ ಕಣ್ಣಿಟ್ಟಿರಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಗೊಂದಲದ ಮಾತು, ತೂರಾಡುವ ನಡಿಗೆ, ಎರಡು ಕಣ್ಣುಗಳ ಪಾಪೆ ಸಮನಾಗಿಲ್ಲದಿರುವುದು, ಕಿವಿ ಅಥವಾ ಮೂಗಿನಿಂದ ತಿಳಿ ನೀರು ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಕರೆ ಮಾಡಿ. ಪೆಟ್ಟಾದ ಮಗು ನಿದ್ದೆ ಮಾಡಲೇಬಾರದು ಎಂಬ ನಂಬಿಕೆ ಸರಿಯಲ್ಲ. ಅಪಾಯದ ಲಕ್ಷಣಗಳಿಲ್ಲದ ಮಗು ಮಲಗಬಹುದು. ಎಬ್ಬಿಸಿದರೂ ಏಳದಿದ್ದರೆ ಅದು ಆಂಬುಲೆನ್ಸ್ ಕರೆಯುವ ವಿಷಯ. ತಲೆಗೆ ಪೆಟ್ಟಾಗಿ ಮಂಕು ಕವಿದ ಮಗುವನ್ನು ಅದೇ ದಿನ ಮತ್ತೆ ಆಟಕ್ಕೆ ಇಳಿಸಬೇಡಿ, ತರಬೇತುದಾರರು ಎಷ್ಟೇ ಒತ್ತಾಯಿಸಿದರೂ.

ಎರಡನೆಯದು ಸೈಕಲ್ ಹ್ಯಾಂಡಲ್. ನಿಧಾನವಾಗಿ ಹೋಗುತ್ತಿದ್ದ ಸೈಕಲ್ ವಾಲಿ ಹ್ಯಾಂಡಲಿನ ತುದಿ ಹೊಟ್ಟೆಗೆ ತಿವಿದರೆ ಚರ್ಮದ ಮೇಲೆ ಬರೀ ಒಂದು ದುಂಡನೆಯ ಗುರುತು ಉಳಿಯಬಹುದು. ಒಳಗೆ ಮೇದೋಜೀರಕ ಗ್ರಂಥಿ, ಗುಲ್ಮ, ಯಕೃತ್ತು ಅಥವಾ ಕರುಳಿಗೆ ಏಟಾಗಿರುವ ಸಾಧ್ಯತೆ ಇದೆ, ನೋವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಬಿದ್ದದ್ದಕ್ಕೆ ಬೈಯುತ್ತಾರೆಂದು ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಬೈಯಬೇಡಿ. ಹೊಟ್ಟೆನೋವು, ವಾಂತಿ, ಬಿಳಿಚಿದ ಮುಖ ಕಂಡರೆ ಸೈಕಲ್ಲಿನಿಂದ ಬಿದ್ದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಮೂರನೆಯದು ಮೊಣಕೈ. ಆಟದ ಮೈದಾನದ ಕಂಬಿಗಳಿಗೆ ಜೋತಾಡುವ ಐದರಿಂದ ಏಳು ವರ್ಷದ ಮಕ್ಕಳು ಕೈಯೂರಿ ಬಿದ್ದಾಗ ಮೊಣಕೈಗೆ ತುಸು ಮೇಲೆ ಮೂಳೆ ಮುರಿಯುವುದು ಹೆಚ್ಚು. ಅಲ್ಲಿಯೇ ರಕ್ತನಾಳವೂ ನರಗಳೂ ಹಾದುಹೋಗುತ್ತವೆ. ಬೆರಳುಗಳು ತಣ್ಣಗಾಗಿ ಬಿಳಿಚಿದ್ದರೆ ಅಥವಾ ಮಗು ಬೆರಳು ಆಡಿಸಲಾಗದಿದ್ದರೆ ತಕ್ಷಣ ಕರೆ ಮಾಡಿ. ಕೈಯನ್ನು ನೀವೇ ಎಳೆದು ನೇರ ಮಾಡಲು ಹೋಗಬೇಡಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗಬಹುದು.

ವಾಹನ ಬರುವವರೆಗೆ

ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ, ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ಗಾಯದಲ್ಲಿ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು, ಅದರ ಎರಡೂ ಪಕ್ಕ ಒತ್ತಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ತಂಪಾದ ನಲ್ಲಿ ನೀರು ಹರಿಯಲಿ. ಮಂಜುಗಡ್ಡೆ, ಪೇಸ್ಟ್, ಎಣ್ಣೆ ಯಾವುದೂ ಬೇಡ. ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ ಬೇರನ್ನು ಮುಟ್ಟದೆ ಹಿಡಿದು ಅದೇ ಜಾಗದಲ್ಲಿ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹಾಲುಹಲ್ಲನ್ನು ಮರಳಿ ಕೂರಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಅತಿ ದೊಡ್ಡ ಕಾರಣ. ರಸ್ತೆಯಲ್ಲಿ ಬಿದ್ದ ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಳ್ಳುವ ಆಸೆ ಯಾವ ತಾಯಿಗಾದರೂ ಆಗುತ್ತದೆ. ಬೆಂಕಿಯೋ ಬರುವ ವಾಹನವೋ ಎದುರಿಗಿಲ್ಲದಿದ್ದರೆ ಅಲುಗಾಡಿಸಬೇಡಿ. ತಲೆ, ಕುತ್ತಿಗೆ ಕದಲದಂತೆ ಹಿಡಿದು ಮಾತನಾಡಿಸುತ್ತಿರಿ. ಉಸಿರಾಟಕ್ಕೆ ಅಡ್ಡಿಯಾಗದ ಹೊರತು ಹೆಲ್ಮೆಟ್ ತೆಗೆಯಬೇಡಿ.

ಶಾಲೆ ಮತ್ತು ಆಸ್ಪತ್ರೆ

ಶಾಲೆಯಲ್ಲಿ ಪೆಟ್ಟಾದರೆ ಸಾಮಾನ್ಯವಾಗಿ ಶಾಲೆಯವರೇ ಆಂಬುಲೆನ್ಸ್ ಕರೆದು ನಿಮಗೆ ಫೋನ್ ಮಾಡುತ್ತಾರೆ. ಸೇರ್ಪಡೆಯ ದಿನ ಬರೆದುಕೊಟ್ಟ ಸಂಖ್ಯೆ ಹಳೆಯ ಸಿಮ್‌ನದ್ದಾಗಿದ್ದರೆ ಇಂದೇ ಬದಲಿಸಿ. ನೀವಿಬ್ಬರೂ ಸಿಗದಿದ್ದಾಗ ಕರೆಯಬಹುದಾದ ಮೂರನೆಯ ವ್ಯಕ್ತಿಯ ಹೆಸರನ್ನೂ ಕೊಡಿ. ಊರಿನಲ್ಲಿ ಯಾರೂ ಪರಿಚಯವಿಲ್ಲವಾದರೆ ಸಂಘವನ್ನು ಕೇಳಿ, ಹತ್ತಿರದ ಕುಟುಂಬವೊಂದನ್ನು ಪರಿಚಯಿಸುತ್ತೇವೆ. ಮಗುವಿಗೆ ಅಲರ್ಜಿ, ಆಸ್ತಮಾ, ಅಪಸ್ಮಾರ ಇದ್ದರೆ ಬರಹದಲ್ಲಿ ತಿಳಿಸಿ. ಫೋನ್ ಬಂದಾಗ ಯಾವ ಆಸ್ಪತ್ರೆ ಎಂದು ಕೇಳಿ ನೇರವಾಗಿ ಅಲ್ಲಿಗೇ ಹೋಗಿ. ಲಸಿಕೆಯ ದಾಖಲೆಯ ಚಿತ್ರ ಮೊಬೈಲಿನಲ್ಲಿರಲಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳುತ್ತಾರೆ.

ಆಸ್ಪತ್ರೆಯಲ್ಲಿ ಪೆಟ್ಟು ಹೇಗಾಯಿತು ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಬಹುದು, ಮಗುವನ್ನು ಪ್ರತ್ಯೇಕವಾಗಿಯೂ ಮಾತನಾಡಿಸಬಹುದು. ನಿಮ್ಮ ಮೇಲೆ ಅನುಮಾನಪಟ್ಟರೆಂದು ನೊಂದುಕೊಳ್ಳಬೇಡಿ. ಮಕ್ಕಳ ರಕ್ಷಣೆಗಾಗಿ ಹೀಗೆ ಕೇಳುವುದು ಅವರ ಕರ್ತವ್ಯ. ನಡೆದದ್ದನ್ನು ನೇರವಾಗಿ ಹೇಳಿ. ವೈದ್ಯರ ಮಾತನ್ನು ಅನುವಾದಿಸುವ ಭಾರವನ್ನು ಅಣ್ಣನ ಮೇಲೋ ಅಕ್ಕನ ಮೇಲೋ ಹೊರಿಸದೆ ದುಭಾಷಿಯನ್ನೇ ಕೇಳಿ.

ಆಂಬುಲೆನ್ಸಿನ ವೆಚ್ಚ ಕೆಲವು ದೇಶಗಳಲ್ಲಿ ಸರ್ಕಾರದ್ದು, ಕೆಲವೆಡೆ ವಿಮೆಯದ್ದು, ಕೆಲವೆಡೆ ನಿಮ್ಮದೇ. ನಿಮ್ಮ ವಿಮಾ ಪತ್ರದಲ್ಲಿ ಅದು ಸೇರಿದೆಯೇ ಎಂದು ಈ ವಾರವೇ ತೆಗೆದು ಓದಿ. ಓದಿ ಅರ್ಥವಾಗದಿದ್ದರೆ ಪತ್ರವನ್ನು ಸಂಘದ ಮುಂದಿನ ಸಭೆಗೆ ತನ್ನಿ, ಕುಳಿತು ನೋಡೋಣ.