ಹೇಳಿದ ಮಾತು ಕೇಳದ ವೆಬ್‌ಕ್ಯಾಮ್: ನನ್ನ ಅನುಭವ

ಲೇಬಲ್‌ಗಳ ಬಣ್ಣ ಪರೀಕ್ಷೆಗೆ ವೆಬ್‌ಕ್ಯಾಮ್ ಸಾಕು ಅಂದಾಗ ನಮ್ಮ ಟೀಮಿನಲ್ಲಿ ಒಬ್ಬರೂ ನಂಬಲಿಲ್ಲ. ಇಂಡಸ್ಟ್ರಿಯಲ್ ಕ್ಯಾಮೆರಾನೇ ಬೇಕು ಅಂದರು. ಅದರ ದುಡ್ಡಿಗೆ ಹತ್ತು ಹನ್ನೆರಡು ವೆಬ್‌ಕ್ಯಾಮ್ ಬರುತ್ತವೆ, ಲೆನ್ಸ್ ಖರ್ಚು ಬೇರೆ. ಈಗ ಆ ವೆಬ್‌ಕ್ಯಾಮ್ ಸುಮಾರು ಎಂಟು ತಿಂಗಳಿಂದ ದಿನಾ ಓಡುತ್ತಿದೆ. ಅದಕ್ಕೇ ಸ್ವಲ್ಪ ಜಂಬದಿಂದ ಬರೆಯುತ್ತಿದ್ದೇನೆ.

ಕೆಲಸ ಸರಳ. ಸ್ಕ್ರೀನಿನಲ್ಲಿ ವ್ಯೂಫೈಂಡರ್, ಅಂದರೆ ಕ್ಯಾಮೆರಾದ ಲೈವ್ ಚಿತ್ರ ಇರುತ್ತದೆ, ಲೇಬಲ್ ನೇರ ಕೂತಿದೆಯಾ ಅಂತ ಆಪರೇಟರ್ ನೋಡುತ್ತಾರೆ, ಬಟನ್ ಒತ್ತಿದರೆ ಫೋಟೋ. ಬರೆದದ್ದು ಲಿನಕ್ಸ್‌ನಲ್ಲಿ, ಕ್ಯೂಟಿ 5 ಅನ್ನುವ ಸಾಫ್ಟ್‌ವೇರ್ ಲೈಬ್ರರಿ ಬಳಸಿ.

ಮೊದಲ ಪೆಟ್ಟು ವ್ಯೂಫೈಂಡರ್ ಸೆಟ್ಟಿಂಗ್‌ನಲ್ಲೇ ಬಿತ್ತು. ಕ್ಯಾಮೆರಾ ಯಾವ ಯಾವ ರೆಸಲ್ಯೂಶನ್ ಕೊಡುತ್ತದೆ ಅಂತ ಕೇಳಿದರೆ ಖಾಲಿ ಪಟ್ಟಿ. ಕೇಬಲ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ. ಕೊನೆಗೆ ನೋಡಿದರೆ ಕ್ಯಾಮೆರಾ ಲೋಡ್ ಆಗುವ ಮೊದಲೇ ಕೇಳುತ್ತಿದ್ದೆ. ಲೋಡೆಡ್ ಸಿಗ್ನಲ್ ಬಂದ ಮೇಲೆ ಕೇಳಿದರೆ ಪಟ್ಟಿ ತುಂಬಿಕೊಂಡು ಬಂತು.

ಎರಡನೇ ಪೆಟ್ಟು ಜೋರು. ಚಿತ್ರ ಕತ್ತಲಾಗಿತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಲ್ಲ ಮೈನಸ್ ಒಂದರಿಂದ ಒಂದರವರೆಗೆ ಕೊಡಬಹುದು ಅಲ್ವಾ? ಕೊಟ್ಟೆ. ಏನೂ ಆಗಲಿಲ್ಲ. ಈ ಸಿಸ್ಟಮ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಇದೆಯಾ ಅಂತ ಕೇಳಿದರೆ, ಇಲ್ಲ ಅಂತ ಬಂತು. ಜಾಣತನ ಮಾಡಲು ಹೋಗಿ ಸ್ಕ್ರೀನಿಗೆ ಚಿತ್ರ ಬಿಡಿಸುವ ಶೇಡರ್‌ನಲ್ಲೇ ಬ್ರೈಟ್‌ನೆಸ್ ಏರಿಸಿಬಿಟ್ಟೆ. ವ್ಯೂಫೈಂಡರ್ ಚೆನ್ನಾಗಿ ಹೊಳೆಯಿತು. ಸೇವ್ ಆದ ಫೋಟೋ ಮಾತ್ರ ಮೊದಲಿನಷ್ಟೇ ಕತ್ತಲು! ಎರಡು ವಾರ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಒಳ್ಳೆಯ ಲೇಬಲ್‌ಗಳೇ ರಿಜೆಕ್ಟ್ ಆದವು. ಮರುಮುದ್ರಣದ ಖರ್ಚು ನಮ್ಮ ತಲೆಗೆ ಬಂತು. ಆ ದುಡ್ಡಲ್ಲಿ ಇನ್ನೂ ಮೂರು ಕ್ಯಾಮೆರಾ ತರಬಹುದಿತ್ತು.

ಆಮೇಲೆ ನೇರ ವಿ4ಎಲ್2, ಅಂದರೆ ಲಿನಕ್ಸ್‌ನ ಕ್ಯಾಮೆರಾ ಇಂಟರ್‌ಫೇಸ್‌ನ ಕಂಟ್ರೋಲ್‌ಗಳಿಗೆ ಕೈ ಹಾಕಿದೆ. ಇಲ್ಲಿ ಕ್ರಮವೇ ಮುಖ್ಯ. ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಸರಿಮಾಡುವುದು) ಆನ್ ಇರುವಾಗ ಬಣ್ಣದ ತಾಪಮಾನ (ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಅನ್ನುವ ಅಂಕಿ) ಬರೆದರೆ ಪ್ರಯೋಜನವಿಲ್ಲ, ಆ ಕಂಟ್ರೋಲ್ ನಿದ್ದೆಯಲ್ಲಿರುತ್ತದೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, ಅದರ ಕಥೆಯೂ ಅದೇ. ಮೊದಲು ಮ್ಯಾನುಯಲ್, ಅಂದರೆ 1. ಆಮೇಲೆ ಅಂಕಿ. ಬರೆದ ಮೇಲೆ ತಪ್ಪದೆ ವಾಪಸ್ ಓದಬೇಕು. ಓಪನ್‌ಸಿವಿ ಅನ್ನುವ ಇಮೇಜ್ ಲೈಬ್ರರಿಯಲ್ಲಿ ಸೆಟ್ ಮಾಡಿದಾಗ ಟ್ರೂ ಬಂದರೂ ಕ್ಯಾಮೆರಾ ಒಪ್ಪಿಕೊಂಡಿದೆ ಅಂತೇನಿಲ್ಲ. ಇದನ್ನು ನಂಬಿ ನಾನು ಒಂದು ಶನಿವಾರ ಪೂರ್ತಿ ಕಳೆದುಕೊಂಡೆ.

ಎಕ್ಸ್‌ಪೋಶರ್ ಅಂಕಿಯ ಒಂದು ಮೆಟ್ಟಿಲು ಅಂದರೆ 100 ಮೈಕ್ರೋಸೆಕೆಂಡ್. ನಾನು 156 ಇಟ್ಟಿದ್ದೆ, ಬೆಳಕು ಸರಿ ಇತ್ತು. ಆದರೆ ವ್ಯೂಫೈಂಡರ್‌ನಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ನಿಧಾನವಾಗಿ ಮೇಲಕ್ಕೆ ತೆವಳುತ್ತಿದ್ದವು. ಲೈಟು 50 ಹರ್ಟ್ಸ್ ಕರೆಂಟಿನದು, ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಕ್ಸ್‌ಪೋಶರ್ 10 ಮಿಲಿಸೆಕೆಂಡಿನ ಮಗ್ಗಿಯಲ್ಲಿ ಇರಬೇಕು. 200, ಅಂದರೆ 20 ಮಿಲಿಸೆಕೆಂಡ್, ಅಂತ ಬರೆದು ಎಂಟರ್ ಒತ್ತಿದೆ. ಪಟ್ಟಿಗಳು ಮಾಯ. ಪವರ್ ಲೈನ್ ಫ್ರೀಕ್ವೆನ್ಸಿ ಕಂಟ್ರೋಲನ್ನೂ ತಿರುಗಿಸಿ ನೋಡಿದ್ದೆ. ಮ್ಯಾನುಯಲ್‌ನಲ್ಲಿ ನನ್ನ ಕ್ಯಾಮೆರಾಗೆ ಅದರಿಂದ ಏನೂ ಆಗಲಿಲ್ಲ.

ಇನ್ನೊಂದು ಜಗಳ ಫ್ರೇಮ್ ರೇಟ್‌ದು. 1080ಪಿ, ಯುವೈಯುವಿ (ಕುಗ್ಗಿಸದ ಕಚ್ಚಾ ಚಿತ್ರ), 30 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 124 ಎಂಬಿ. ಯುಎಸ್‌ಬಿ 2ರ ಕೊಳವೆ ಕಾಗದದ ಮೇಲೇ 60 ಎಂಬಿ. ಹಾಗಾಗಿ ಕ್ಯಾಮೆರಾ 5 ಫ್ರೇಮ್‌ಗೆ ಇಳಿಯುತ್ತಿತ್ತು. ಎಲ್ಲರೂ ಎಂಜೆಪೆಗ್, ಅಂದರೆ ಪ್ರತಿ ಫ್ರೇಮನ್ನೂ ಕುಗ್ಗಿಸಿ ಕಳಿಸುವ ರೀತಿ, ಹಾಕು ಅಂದರು. ಹಾಕಿದೆ, ಸರಾಗವಾಗಿ ಓಡಿತು. ಆದರೆ ಲೇಬಲ್ಲಿನ ಕೆಂಪು ಅಕ್ಷರದ ಅಂಚೆಲ್ಲ ಕಲಸಿಕೊಂಡಂತೆ ಬಂತು. ಬಣ್ಣ ಹೋಲಿಸುವವನಿಗೆ ಇದು ಆಗಿಬರಲ್ಲ. ಕೊನೆಗೆ 720ಪಿ ಯುವೈಯುವಿ, 10 ಫ್ರೇಮ್‌ಗೆ ನಿಂತೆ. ಲೇಬಲ್ ನೇರ ಇದೆಯಾ ಅಂತ ನೋಡೋಕೆ ಸಿನಿಮಾದಷ್ಟು ಸರಾಗ ಯಾಕೆ ಬೇಕು?

ನಡುವೆ ಸುಮ್ನೆ ಫೋನಿನಲ್ಲೂ ಒಂದು ಕೈ ನೋಡಿದೆ, ಆಂಡ್ರಾಯ್ಡ್‌ನ ಕ್ಯಾಮೆರಾ2 ಅನ್ನುವ ಪ್ರೋಗ್ರಾಮಿಂಗ್ ಇಂಟರ್‌ಫೇಸ್ ಬಳಸಿ. 10 ಮಿಲಿಸೆಕೆಂಡ್ ಅಂತ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ 10000 ಕೊಟ್ಟೆ. ಕಗ್ಗತ್ತಲು. ಅಲ್ಲಿ ಲೆಕ್ಕ ನ್ಯಾನೋಸೆಕೆಂಡಿನಲ್ಲಿ, ಒಂದು ಕೋಟಿ ಕೊಡಬೇಕಿತ್ತು. ಕೊಟ್ಟ ಮೇಲೆ ಚಿತ್ರ ವೆಬ್‌ಕ್ಯಾಮಿಗಿಂತ ಚೆನ್ನಾಗೇ ಬಂತು. ಆದರೆ ಎಲ್ಲ ಫೋನ್‌ಗಳೂ ಮ್ಯಾನುಯಲ್ ಸೆನ್ಸರ್, ಅಂದರೆ ಎಕ್ಸ್‌ಪೋಶರನ್ನು ನಾವೇ ಇಡುವ ಅವಕಾಶ ಬಿಟ್ಟುಕೊಡುವುದಿಲ್ಲ. ಎರಡನೇ ಫೋನು ಬಿಡಲಿಲ್ಲ. ಅಲ್ಲಿಗೆ ಕೈಬಿಟ್ಟೆ.

ಈಗಿನ ಕ್ರಮ ಹೀಗಿದೆ. ಸ್ಟ್ರೀಮ್ ಶುರು ಮಾಡಿ, ಆಟೋಗಳನ್ನೆಲ್ಲ ಆಫ್ ಮಾಡಿ, ಅಂಕಿ ಬರೆದು, ವಾಪಸ್ ಓದಿ, ಮೊದಲ ಹದಿನೈದು ಇಪ್ಪತ್ತು ಫ್ರೇಮ್ ಬಿಸಾಡುತ್ತೇನೆ. ಆಮೇಲೆ ಅದೇ ಅಂಕಿಗಳನ್ನು ಇನ್ನೊಮ್ಮೆ ಬರೆಯುತ್ತೇನೆ. ಎರಡನೇ ಸಲ ಬರೆಯುವ ಮೊದಲು ಒಂದು ಚಿಕ್ಕ ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಬಣ್ಣ ಅಳೆಯಲು ಬಳಸುವ ಬೂದು ಹಲಗೆ, ಗ್ರೇ ಕಾರ್ಡ್, ಇಟ್ಟು ಮಾಡಿಕೊಂಡ ಬಣ್ಣದ ತಾಪಮಾನದ ಪಟ್ಟಿಯೂ ಅಷ್ಟೇ.

ಹೋದ ತಿಂಗಳು ಯಾರೋ ನೆಲ ಒರೆಸುವಾಗ ಯುಎಸ್‌ಬಿ ಕಿತ್ತು ಮತ್ತೆ ಸಿಕ್ಕಿಸಿದ್ದರು. ಸೆಟ್ಟಿಂಗ್ ಎಲ್ಲ ಮೊದಲಿನಂತೆ ಆಟೋಗೆ ಹೋಗಿತ್ತು. ಅವತ್ತಿಂದ ಪ್ರತಿ ಫೋಟೋಗೂ ಮೊದಲು ಎಕ್ಸ್‌ಪೋಶರ್ ಓದುತ್ತೇನೆ. 200 ಇಲ್ಲದಿದ್ದರೆ ಬಟನ್ ಒತ್ತಲು ಬಿಡುವುದಿಲ್ಲ, ವ್ಯೂಫೈಂಡರ್ ಸುತ್ತ ಕೆಂಪು ಚೌಕಟ್ಟು ಬರುತ್ತದೆ. ಇಂಡಸ್ಟ್ರಿಯಲ್ ಕ್ಯಾಮೆರಾನೇ ಬೇಕು ಅಂದಿದ್ದ ಗೆಳೆಯರು ಮೊನ್ನೆ ಆ ಕೆಂಪು ಚೌಕಟ್ಟಿನ ಕೋಡ್ ಕೇಳಿಕೊಂಡು ಬಂದಿದ್ದರು. ಕೊಟ್ಟೆ. ಬಣ್ಣದ ತಾಪಮಾನದ ಪಟ್ಟಿ ಕೊಡಲಿಲ್ಲ.