ರಟ್ಟಿನ ಮೇಲೆ ಬರಿಗೈ ಚಿತ್ರ, ಕೊನೆಗೂ ಗೆದ್ದಿತು

"ಪ್ಯಾಕಿಂಗ್ ರಟ್ಟಿನ ಮೇಲೆ ಬರೆದರೆ ಟೋಕಿಯೋದಲ್ಲಿ ಯಾರು ಕೊಳ್ತಾರೆ?" ಎಂದಿದ್ದ ಗೆಳೆಯರಿಗೆಲ್ಲ ಇದೇ ಉತ್ತರ. ಕಳೆದ ಸಲದ ಡಿಸೈನ್ ಫೆಸ್ಟಾ ಕಲಾಮೇಳದಲ್ಲಿ ನಾನು ತೂಗುಹಾಕಿದ್ದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಖರ್ಚಾದವು.

ದಾರಿ ತೋರಿಸಿದವರು ಜಪಾನಿನ ಚಿತ್ರಕಲಾವಿದೆ ಅಯಾಕೊ ರೊಕ್ಕಾಕು. 1982ರಲ್ಲಿ ಚಿಬಾದಲ್ಲಿ ಹುಟ್ಟಿದ ಈಕೆ ಕಲಾಶಾಲೆಯಲ್ಲಿ ಕಲಿತವರಲ್ಲ. ಅಕ್ರಿಲಿಕ್ಕನ್ನು ಬೆರಳಿನಲ್ಲೇ ರಟ್ಟಿಗೆ ಬಳಿದು, ಹೆಸರಾಂತ ಕಲಾವಿದ ತಕಾಶಿ ಮುರಕಾಮಿ ನಡೆಸುತ್ತಿದ್ದ ಗೇಸಾಯ್ ಕಲಾಮೇಳದಲ್ಲಿ 2003ರಲ್ಲೂ 2006ರಲ್ಲೂ ಬಹುಮಾನ ಗೆದ್ದರು. ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಗ್ಯಾಲರಿಯೊಂದು ಕೈಹಿಡಿಯಿತು. ಆಕೆಯ ದೊಡ್ಡ ಕಣ್ಣಿನ ಹುಡುಗಿಯರನ್ನು ನಕಲು ಮಾಡುವವರು ಬೇಕಾದಷ್ಟಿದ್ದಾರೆ. ನಾನು ತೆಗೆದುಕೊಂಡದ್ದು ಬರಿಗೈ ಮತ್ತು ರಟ್ಟು, ಅಷ್ಟೇ. ಬರೆಯುವುದು ಮಲೆನಾಡಿನ ಮಳೆಯನ್ನು.

ರಟ್ಟು ಸೂಪರ್ ಮಾರ್ಕೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ತಿಂದದ್ದು ಜೂನ್ ತಿಂಗಳ ತ್ಸುಯು, ಇಲ್ಲಿನ ಮಳೆಗಾಲ. ಮೊದಲ ವರ್ಷದ ಚಿತ್ರಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾದವು. ಬಣ್ಣವೊಂದೇ 40 ಸಾವಿರ ಯೆನ್ ಹತ್ತಿರ ಹೋಯಿತು. ಹಿಂದೆ ಮರದ ಪಟ್ಟಿ ಅಂಟಿಸಿದೆ, ಪಟ್ಟಿಯೇ ಕಿತ್ತು ಬಂತು. ಮುಂಬದಿಗೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ ಜೆಸ್ಸೊವನ್ನು ಮೂರು ಕೋಟ್ ಕೊಟ್ಟೆ, ಇನ್ನೂ ಹೆಚ್ಚು ಬಾಗಿತು. ಒಂದೇ ಕಡೆ ಬಳಿದರೆ ಒಣಗುವಾಗ ಆ ಕಡೆಗೇ ಎಳೆಯುತ್ತದೆ. ಎರಡೂ ಬದಿಗೆ ಒಂದೇ ದಿನ ಹಚ್ಚಿ, ಅಂಚಿನಲ್ಲಿ ರಟ್ಟಿನ ಒಳಪದರದ ಅಲೆಗಳ ಬಾಯಿ ಮುಚ್ಚಿದ ಮೇಲೆ ರಟ್ಟು ಅಲುಗಾಡಲಿಲ್ಲ. ತೇವ ಒಳಗೆ ಹೋಗುವುದು ಆ ಬಾಯಿಯಿಂದಲೇ. ಅಲ್ಲಿಗೆ ಏನು ತುಂಬುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕ್ಯಾಡ್ಮಿಯಂ, ಕೋಬಾಲ್ಟ್ ಟ್ಯೂಬುಗಳನ್ನು ಪೂರ್ತಿ ಬಿಟ್ಟಿದ್ದೇನೆ. ಅವುಗಳಲ್ಲಿ ವಿಷಕಾರಿ ಲೋಹವಿರುತ್ತದೆ, ಬರಿಗೈಯಲ್ಲಿ ಬಳಿಯುವವರು ಮುಟ್ಟಲೇಬಾರದು. ಅದೇ ಛಾಯೆಯ ಸಾವಯವ ವರ್ಣಗಳು ಸಿಗುತ್ತವೆ, ಅಗ್ಗವೂ ಹೌದು. ಬಣ್ಣ ಬೇಗ ಒಣಗುತ್ತದೆಂದು, ಒಣಗುವುದನ್ನು ತಡಮಾಡುವ ರಿಟಾರ್ಡರ್ ಸುರಿಯಬೇಡಿ, ಅಂಟಂಟಾಗಿ ಉಳಿಯುತ್ತದೆ. ಒಂದು ಅಂಗೈ ಅಗಲ ಮುಗಿಸಿಯೇ ಮುಂದಕ್ಕೆ ಸರಿಯಿರಿ.

ನಡುವೆ ಜಪಾನಿನ ಸಾಂಪ್ರದಾಯಿಕ ಚಿತ್ರಶೈಲಿ ನಿಹೊಂಗಾದಲ್ಲಿ ಬಳಸುವ ಗೋಫುನ್ ಹುಚ್ಚೂ ಹಿಡಿದಿತ್ತು. ಈ ಚಿಪ್ಪಿನ ಬಿಳಿ ಪುಡಿಯನ್ನು ನಿಕಾವಾ ಎಂಬ ಪ್ರಾಣಿಜನ್ಯ ಅಂಟಿನಲ್ಲಿ ನಾದಿ ಬೆರಳಿನಿಂದ ಎಳೆದೆ. ಒಣಗುತ್ತ ಬಂದಂತೆ ಮೋಡದಂಥ ಮೃದು ಬಿಳುಪು, ನೋಡುತ್ತ ಕೂತುಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಬಿರುಕು. ತೆಳ್ಳಗೆ ಎಳೆದ ಕಡೆ ಮಾತ್ರ ನಿಂತಿದೆ. ಚಳಿಗಾಲದಲ್ಲಿ ಮತ್ತೆ ಹಿಡಿಯುತ್ತೇನೆ.

ಟೋಕಿಯೋದ ಗಿಂಜಾ ಬಡಾವಣೆಯ ಬಾಡಿಗೆ ಗ್ಯಾಲರಿಯಲ್ಲಿ ಒಂದು ವಾರಕ್ಕೆ 2 ಲಕ್ಷ ಯೆನ್ ಮೇಲೆ ಕೊಟ್ಟಿದ್ದೆ, ಮಾರಿದ್ದು ಒಂದೇ ಚಿತ್ರ. ಟೋಕಿಯೋ ಬಿಗ್ ಸೈಟ್‌ನಲ್ಲಿ ನಡೆಯುವ ಡಿಸೈನ್ ಫೆಸ್ಟಾಕ್ಕೆ ಆಯ್ಕೆ ಸಮಿತಿಯ ಕಾಟವಿಲ್ಲ. ಜಾಗ, ಸಾಗಣೆ ಸೇರಿ 50 ಸಾವಿರದೊಳಗೆ ಮುಗಿಯಿತು. ಜನರ ಮುಂದೆಯೇ ಕೈಗೆ ಬಣ್ಣ ಮೆತ್ತಿಕೊಂಡು ಬರೆದೆ. ನಿಂತು ನೋಡಿದವರೇ ಕೊಂಡರು. ಈಗ ನಡುಗಾತ್ರದ ಚಿತ್ರಕ್ಕೆ 35 ಸಾವಿರ ಯೆನ್ ಹೇಳುತ್ತೇನೆ. ಕಮಿಷನ್ ಮೇಲೆ ಮಾರಿಕೊಡುವ ಗ್ಯಾಲರಿಯಲ್ಲೂ ಅದೇ ಬೆಲೆ, ಅದರಲ್ಲಿ ಅರ್ಧ ಅವರಿಗೆ ಹೋದರೂ ಸರಿ. ಮೇಳದಲ್ಲಿ ಅಗ್ಗಕ್ಕೆ ಕೊಟ್ಟವರನ್ನು ಗ್ಯಾಲರಿಯವರು ಎರಡನೇ ಸಲ ಕರೆಯುವುದಿಲ್ಲ.