ಕಳಲೆ, ಕೆಸು, ಒಂದೆಲಗ: ತೋಟದಂಚಿನಿಂದ ಒಲೆಯವರೆಗೆ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದ ಮೇಲೆ ಸೊಪ್ಪಿಗೆ ಬರವಿಲ್ಲ. ಗಿಡ ಗುರುತಿಸುವುದನ್ನು ಮನೆಯ ಹಿರಿಯರ ಜೊತೆ ಎರಡು ಮಳೆಗಾಲ ಓಡಾಡಿದರೆ ಕಲಿಯಬಹುದು. ಈಗಿನ ಕಾಲಕ್ಕೆ ಅದಕ್ಕಿಂತ ಮುಖ್ಯವಾದದ್ದು, ಯಾವ ಜಾಗದಲ್ಲಿ ಕೊಯ್ಯಬಾರದು ಅನ್ನುವುದು.

ಎಲೆತುಕ್ಕು ಬಾರದಿರಲಿ ಅಂತ ಕಾಫಿಗೆ ಮುಂಗಾರಿಗೆ ಮುಂಚೆ ಶೇ 0.5ರ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುತ್ತಾರೆ. ಅಡಿಕೆಗೆ ಕೊಳೆರೋಗ ತಡೆಯಲು ಶೇ 1ರದ್ದು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. 40-45 ದಿನ ಬಿಟ್ಟು ಇನ್ನೊಂದು ಸುತ್ತು. ಗೊನೆಗೆ ಹೊಡೆದದ್ದರಲ್ಲಿ ಒಂದಷ್ಟು ಕೆಳಗಿನ ಕೆಸುವಿನ ಮೇಲೆ, ಬಸಿಗಾಲುವೆಯ ಒಂದೆಲಗದ ಮೇಲೆ ಬಿದ್ದೇ ಬೀಳುತ್ತದೆ. ಮಳೆಗೆ ತೊಳೆದು ಹೋಗದೆ ಎಲೆಗೆ ಕಚ್ಚಿಕೊಳ್ಳಲೆಂದೇ ಮಾಡಿದ ಔಷಧ ಅದು. ನೀರಲ್ಲಿ ಎರಡು ಸಲ ಜಾಲಿಸಿದರೆ ಬಿಡುವುದಿಲ್ಲ. ಎಲೆ ಮೇಲೆ ತಿಳಿನೀಲಿ ಕಲೆ ಕಂಡರೆ ಆ ಎಲೆ ಬೇಡ, ಔಷಧಿ ಹೊಡೆದ ಮೇಲೆ ಹೊಸದಾಗಿ ಬಂದ ಎಲೆ ಮಾತ್ರ ತೆಗೆಯುತ್ತೇನೆ. ಕಳೆನಾಶಕ ಹೊಡೆದ ಸಾಲಿನಲ್ಲಂತೂ ಆ ವರ್ಷ ಏನನ್ನೂ ಮುಟ್ಟುವುದಿಲ್ಲ. ಹುಲ್ಲು ಒಂದೇ ಸಮ ಹಳದಿ ತಿರುಗಿದ್ದರೆ ಅದೇ ಗುರುತು. ಪಕ್ಕದ ತೋಟವಾದರೆ ಯಾವಾಗ, ಏನು ಹೊಡೆದರು ಅಂತ ರೈಟರನ್ನೋ (ತೋಟದ ಲೆಕ್ಕ ಬರೆಯುವವ) ಮೇಸ್ತ್ರಿಯನ್ನೋ ಕೇಳಿಯೇ ಕೊಯ್ಯಬೇಕು.

ಮೊದಲು ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಸಿಗುತ್ತದೆ. ನೆಲದಿಂದ ಒಂದು, ಒಂದೂವರೆ ಅಡಿ ಎದ್ದಾಗ ಮುರಿಯಬೇಕು. ಮೊಣಕಾಲು ದಾಟಿದರೆ ತುದಿಯ ಗೇಣುದ್ದ ಬಿಟ್ಟು ಉಳಿದದ್ದೆಲ್ಲ ನಾರು. ಒಂದು ಮೆಳೆಯಲ್ಲಿ ಬಂದದ್ದನ್ನೆಲ್ಲ ಮುರಿದರೆ ಮುಂದೆ ಬಿದಿರೇ ಇರುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಬಿಡುವುದು ಒಳ್ಳೆಯದು. ಕಾಡಿನ ಹೊರಗೆ ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಕೇಂದ್ರದ ಅರಣ್ಯ ಕಾಯ್ದೆಯ 'ಮರ'ದ ಪಟ್ಟಿಯಿಂದ ತೆಗೆದಿದೆ. ಮೀಸಲು ಅರಣ್ಯ, ಭದ್ರಾ ಅಭಯಾರಣ್ಯದೊಳಗೆ ಆ ಮಾತು ನಡೆಯುವುದಿಲ್ಲ. ಇನ್ನೊಂದು ವಿಷಯ: ಸಕಲೇಶಪುರ, ಆಲೂರು ಭಾಗದಲ್ಲಿ ಬೆಳಕು ಹರಿಯುವ ಮುಂಚೆ ಬಿದಿರ ಮೆಳೆಗೆ ಹೋಗಬೇಡಿ. ಕಳಲೆ ನಮಗಿಂತ ಆನೆಗೆ ಪ್ರಿಯ.

ಪೊರೆ ಬಿಡಿಸುವಾಗ ಹೊರಮೈಯ ಕಂದು ಸುಂಕು ಕೈಗೆ ಚುಚ್ಚುತ್ತದೆ, ಗೋಣಿತಾಟು ಹಿಡಿದು ಸುಲಿಯಿರಿ. ಬುಡದಿಂದ ಮೇಲಕ್ಕೆ ಚಾಕು ಒತ್ತುತ್ತಾ ಬಂದರೆ ಒಂದು ಕಡೆ ಸಲೀಸಾಗಿ ಇಳಿಯುತ್ತದೆ, ಅಲ್ಲಿಂದ ಮೇಲಿನದ್ದಷ್ಟೇ ಅಡುಗೆಗೆ. ತೆಳ್ಳಗೆ ಬಿಲ್ಲೆ ಹೆಚ್ಚಿ, ಬೇಕಿದ್ದರೆ ಇನ್ನೂ ಸಣ್ಣಗೆ ಕೊಚ್ಚಿ, ಮುಳುಗುವಷ್ಟು ನೀರಲ್ಲಿ ಮೂರು ದಿನ ನೆನೆಸಬೇಕು. ದಿನಾ ನೀರು ಬದಲಿಸಬೇಕು. ಇದು ಬರೀ ಕಹಿ ತೆಗೆಯುವ ಶಾಸ್ತ್ರವಲ್ಲ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಪದಾರ್ಥವಿದೆ. ಹೆಚ್ಚಿದಾಗ, ಜಜ್ಜಿದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ತೆಳುವಾಗಿ ಹೆಚ್ಚಿದಷ್ಟೂ ಅದು ಬೇಗ ಒಡೆದು ನೀರಿಗೆ ಇಳಿಯುತ್ತದೆ. ದಪ್ಪ ತುಂಡಾದರೆ ನಡುವಿನದ್ದು ಹಾಗೇ ಉಳಿಯುತ್ತದೆ. ನೆನೆಸಿದ ಮೇಲೂ ಹೊಸ ನೀರು ಹಾಕಿ, ಮುಚ್ಚಳ ತೆಗೆದಿಟ್ಟು, 20 ನಿಮಿಷ ಕುದಿಸಿ ಬಸಿದುಬಿಡುತ್ತೇನೆ. ಮುಚ್ಚಿದರೆ ಆವಿಯಾಗಿ ಹೋಗಬೇಕಾದದ್ದು ಮತ್ತೆ ಪಾತ್ರೆಗೇ ಇಳಿಯುತ್ತದೆ. ಕುಕ್ಕರಿನಲ್ಲಿ ಎರಡು ಕೂಗು ಹಾಕಿಸುವ ಹೊಸ ರೂಢಿ ನನಗೆ ಒಪ್ಪಿಗೆಯಿಲ್ಲ. ನೆನೆಸಿದ ನೀರು, ಬಸಿದ ನೀರು ಎರಡನ್ನೂ ದನಕರು ಬಾಯಿ ಹಾಕದ ಕಡೆ ಚೆಲ್ಲಿ, ಕಲಗಚ್ಚಿಗೆ ಸೇರಿಸಬೇಡಿ.

ಆಮೇಲೆ ಹೆಸರುಕಾಳು ಹಾಕಿ ಹುಳಿ ಮಾಡಿದರೆ ಕಡುಬಿಗೆ ಹೇಳಿ ಮಾಡಿಸಿದ ಜೋಡಿ. ಎತ್ತಿಡುವುದಾದರೆ ಬೇಯಿಸಿ ಆರಿಸಿದ 1 ಕೆಜಿ ಕಳಲೆಗೆ 200 ಗ್ರಾಂ ಕಲ್ಲುಪ್ಪು, ಒಂದು ಪದರ ಕಳಲೆ ಒಂದು ಪದರ ಉಪ್ಪು ಹೀಗೆ ಭರಣಿಗೆ ತುಂಬಿ ಮೇಲೆ ಭಾರ ಇಡಬೇಕು. ಉಪ್ಪುನೀರಿನ ಮೇಲೆ ತೇಲುವ ಚೂರಿಗೇ ಮೊದಲು ಬೂಷ್ಟು ಹಿಡಿಯುವುದು.

ಕೆಸು ಕೊಯ್ಯುವಾಗ ಎಲೆ ಮತ್ತು ದಂಟು ಕೂಡುವ ಜಾಗ ನೋಡಿ. ತಿನ್ನುವ ಕೆಸುವಿನಲ್ಲಿ ದಂಟು ಎಲೆಯ ಸೀಳಿನ ತುದಿಗಲ್ಲ, ಅದಕ್ಕಿಂತ ಸ್ವಲ್ಪ ಒಳಗೆ ಬೆನ್ನಿಗೆ ಸೇರಿರುತ್ತದೆ. ಎಲೆಯ ಮೂತಿ ನೆಲದ ಕಡೆ ಬಾಗಿರುತ್ತದೆ. ನೀರು ಹನಿಸಿದರೆ ಒದ್ದೆಯಾಗದೆ ಉರುಳಿ ಹೋಗುತ್ತದೆ. ಮೂತಿ ಆಕಾಶಕ್ಕೆ ನಿಂತ, ಹೊಳಪಿನ ದಪ್ಪ ಎಲೆಯ ಗಿಡಗಳನ್ನೂ, ಹೂದೋಟದ ಬಣ್ಣಬಣ್ಣದ ಕೆಸುಗಳನ್ನೂ ಬಿಡಬೇಕು. ಪತ್ರೊಡೆಗೆ ನನ್ನ ಆಯ್ಕೆ ಮರಕೆಸು. ಪಾಚಿಗಟ್ಟಿದ ಹಳೇ ಮರಗಳ ಕವಲಿನಲ್ಲಿ ಮಳೆ ಹಿಡಿದ ಮೇಲೆ ಹುಟ್ಟುವ ಇದರ ತುರಿಕೆ ಕಡಿಮೆ, ಔಷಧಿ ಸಿಂಪಡಣೆ ಬೀಳುವುದೂ ಕಡಿಮೆ.

ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಎಲೆಯ ನೀರು ಒರೆಸಿ ಒಣಗಿಸಿ ಮುಟ್ಟಿದರೆ ಕೈ ತುರಿಸುವುದು ಅಷ್ಟಕ್ಕಷ್ಟೇ. ಬೆನ್ನಿನ ದಪ್ಪ ನರ ಹೆರೆದು ತೆಗೆಯಬೇಕು, ಅಲ್ಲಿ ಬೇಗ ಬೇಯುವುದಿಲ್ಲ. ಪತ್ರೊಡೆಗಾದರೆ, ಮಧ್ಯಮ ಗಾತ್ರದ 12-15 ಎಲೆಗೆ: ನಾಲ್ಕು ಗಂಟೆ ನೆನೆದ ದೋಸೆ ಅಕ್ಕಿ ಎರಡು ಲೋಟ, ತೆಂಗಿನತುರಿ ಒಂದು ಲೋಟ, ಬ್ಯಾಡಗಿ ಮೆಣಸು 8-10, ಕೊತ್ತಂಬರಿ ಎರಡು ಚಮಚ, ಜೀರಿಗೆ ಒಂದು ಚಮಚ, ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು, ಬೆಲ್ಲ, ಉಪ್ಪು. ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಿ, ಎಲೆಯ ಬೆನ್ನಿಗೆ ಸವರಿ, ಒಂದರ ಮೇಲೊಂದು ನಾಲ್ಕೈದು ಎಲೆ ಜೋಡಿಸಿ, ಅಂಚು ಮಡಚಿ ಸುತ್ತಿ, ಹಬೆಯಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಗಂಟಲು ಕೆರೆಯಿತು ಅಂದರೆ ಬಹುಪಾಲು ಎರಡೇ ಕಾರಣ: ಹುಳಿಯಲ್ಲಿ ಕಂಜೂಸಿ, ಇಲ್ಲವೇ ಸುರುಳಿ ದಪ್ಪವಾಗಿ ಒಳಗೆ ಬೇಯದೆ ಉಳಿದದ್ದು. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಸಾಲದು, ಎಲೆ ಕಡುಹಸಿರು ಬಿಟ್ಟು ಮಂಕು ಪಾಚಿಬಣ್ಣಕ್ಕೆ ತಿರುಗಿರಬೇಕು. ಮೂತ್ರಕೋಶದಲ್ಲೋ ಮೂತ್ರಪಿಂಡದಲ್ಲೋ ಕಲ್ಲಿನ ತೊಂದರೆ ಇದ್ದವರಿಗೆ ಕೆಸು ಬೇಡ.

ಒಂದೆಲಗ ಗದ್ದೆ ಬದುವಿನಲ್ಲಿ ನೆಲಕ್ಕೆ ಹಬ್ಬುತ್ತದೆ, ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಎಲೆಯಂಚು ಸಣ್ಣ ಹಲ್ಲುಹಲ್ಲು, ದಂಟು ಸೇರುವಲ್ಲಿ ಸೀಳು. ದಂಟು ಎಲೆಯ ನಟ್ಟನಡುವೆ ಸೇರಿದ್ದರೆ ಅದು ಕೊಳದ ಕುಂಡಗಳಲ್ಲಿ ಚಂದಕ್ಕೆ ಬೆಳೆಸುವ ಬೇರೆ ಗಿಡ. ದನ ಮೇಯುವ ಜೌಗಿನಲ್ಲಿ ಬೆಳೆದದ್ದನ್ನು ಹಸಿಯಾಗಿ ರುಬ್ಬಬಾರದು. ದನದ ಯಕೃತ್ತಿನ ಹುಳುವಿನ ಮರಿಗಳು ಇಂಥ ನೀರುಗಿಡಗಳಿಗೆ ಅಂಟಿರುತ್ತವೆ, ಬರೀ ತೊಳೆತಕ್ಕೆ ಹೋಗುವುದಿಲ್ಲ. ಹಾಗಾಗಿ ತಂಬುಳಿಗೆ ಒಂದು ಹಿಡಿ ಎಲೆಯನ್ನು ಒಂದು ಚಮಚ ತುಪ್ಪದಲ್ಲಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ಪೂರ್ತಿ ಬಾಡುವವರೆಗೆ ಹುರಿಯುತ್ತೇನೆ. ಕಂದಾಗುವವರೆಗೆ ಬಿಟ್ಟರೆ ಕಹಿ. ಮೂರು ಚಮಚ ಕಾಯಿತುರಿ ಸೇರಿಸಿ ರುಬ್ಬಿ, ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು, ಒಗ್ಗರಣೆ. ಮತ್ತೆ ಒಲೆಗೆ ಇಡುವ ಹಾಗಿಲ್ಲ, ಒಡೆಯುತ್ತದೆ. ಮಕ್ಕಳ ಬುದ್ಧಿ ಚುರುಕಾಗುತ್ತದೆ ಅನ್ನುವವರು ಅನ್ನಲಿ, ಬಿಸಿ ಅನ್ನಕ್ಕೆ ಕಲಸಿದರೆ ರುಚಿಯೇ ಸಾಕಷ್ಟು ಕಾರಣ.

ಗಣಿಕೆ ಸೊಪ್ಪಿನ ಪಲ್ಯ ಬಾಯಿಹುಣ್ಣಿಗೆ ರೂಢಿ. ಹಸಿರು ಕಾಯಿ ವಿಷ, ಒಂದೊಂದನ್ನೂ ಆರಿಸಿ ತೆಗೆದು ಸೊಪ್ಪನ್ನು ಚೆನ್ನಾಗಿ ಬೇಯಿಸಬೇಕು. ಚಗತೆ ಹೂ ಬಿಡುವ ಮುಂಚಿನ ಎಳೆಚಿಗುರಷ್ಟೇ. ನೆಗಡಿಗೆ ದೊಡ್ಡಪತ್ರೆಯ ನಾಲ್ಕೈದು ಎಲೆ ಕಾವಲಿಯಲ್ಲಿ ಬಾಡಿಸಿ ಹಿಂಡಿದ ರಸಕ್ಕೆ ಜೇನು ಸೇರಿಸಿ ಕೊಡುತ್ತೇವೆ, ವರ್ಷ ತುಂಬದ ಕೂಸಿಗೆ ಮಾತ್ರ ಜೇನು ತಾಗಿಸುವುದೇ ಇಲ್ಲ.

ಅಮೃತಬಳ್ಳಿ, ನೆಲನೆಲ್ಲಿಯ ವಿಷಯದಲ್ಲಿ ನಾನು ಹಿಂದೆ ಸರಿಯುವವ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಸೇರಿರಬಹುದು ಅಂದಿತು. ಯಾರ ಮಾತು ಸರಿಯಾದರೂ, ದಿನಾ ಕಷಾಯ ಕುಡಿಯುವ ಅಭ್ಯಾಸಕ್ಕೆ ನಾನು ಯಾರನ್ನೂ ಹಚ್ಚುವುದಿಲ್ಲ. ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆಯುತ್ತಾ ಕೂರದೆ ಮೊದಲು ರಕ್ತಪರೀಕ್ಷೆ. ಗದ್ದೆ ಕೆಲಸದವರಲ್ಲಿ ಅದು ಇಲಿಜ್ವರವೂ ಆಗಿರಬಹುದು. ಡಿಸೆಂಬರಿನಿಂದ ಮೇವರೆಗೆ ಕಾಡಂಚಿಗೆ ದರಗು (ಒಣ ಎಲೆ), ಸೊಪ್ಪು ತರಲು ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ಸೊಂಟ-ಮೈಕೈ ನೋವು ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಆಗಲೇಬೇಕು. ಕೊಪ್ಪ, ಎನ್.ಆರ್.ಪುರದ ಕಡೆ ಅದು ಹೊಸದಲ್ಲ. ಈ ಕಾಯಿಲೆ ಹರಡುವ ಉಣ್ಣೆಹುಳು ಮೈಗೆ ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮಿಂದು, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೇ ಹಾಕಬೇಕು.